ನುಗ್ಗೆಮರವಾದ ಪಂಚೆ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂಗಡಿಯ ಗೊಂಬೆ ಕೊಡುವುದು ಸಾಮಾನ್ಯರ ಕೆಲಸ. ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜ ನಡೆದುಬರುವ ಕಾರ್ಟೂನು ಮಾಡುತ್ತೇನೆಂದು ಡಂಗುರ ಹೊಡೆದುಬಿಟ್ಟೆ. ಅಜ್ಜ ಕೈಯಲ್ಲಿ ಬರೆದದ್ದು, ಹಿತ್ತಲು ಮೊಬೈಲಿನ ಫೋಟೋ. ಎರಡನ್ನೂ ಕೂಡಿಸುವುದು ಕ್ರೋಮಾ ಕೀ: ನೀವು ಒಂದು ಬಣ್ಣ ತೋರಿಸಿ, ಆ ಬಣ್ಣ ಇದ್ದಲ್ಲೆಲ್ಲ ಆ್ಯಪು ಚಿತ್ರವನ್ನು ತೂತು ಮಾಡಿ ಹಿಂದಿನ ಫೋಟೋ ತೋರಿಸುತ್ತದೆ. ಇದರ ಮುತ್ತಾತನಂಥ ನೀಲಿ ಪರದೆಯ ಉಪಾಯ ಬಳಸಿದ 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದ ಟ್ರಿಕ್ಕುಗಳಿಗೆ ಆಸ್ಕರ್ ಬಂದಿತ್ತು. ಅದರಲ್ಲಿ ನಟಿಸಿದ ಸಾಬು ನಮ್ಮ ಎಚ್.ಡಿ. ಕೋಟೆ ಕಡೆಯ ಕಾರಾಪುರದ ಮಾವುತನ ಮಗ. ಅವನಿದ್ದ ಸಿನಿಮಾಕ್ಕೆ ಒಲಿದ ವಿದ್ಯೆ ನನಗೆ ಒಲಿಯದೇ?

ಸೆಕೆಂಡಿಗೆ 12 ಚಿತ್ರ, ಐದು ಸೆಕೆಂಡಿಗೆ 60. ಮೂರು ವಾರ ಊಟದ ಮೇಜು ನನ್ನದಾಯಿತು. ನನ್ನ ಹೆಂಡತಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡಳು. ಹಾಳೆ ಬಿಳಿ ತಾನೇ? ಬಿಳಿಯನ್ನೇ ಅಳಿಸು ಎಂದೆ ಆ್ಯಪಿಗೆ.

ಅಳಿಸಿತು. ಹಾಳೆಯ ಜೊತೆ ನನ್ನ ತಲೆಗೂದಲು, ಹಲ್ಲು, ಪಂಚೆ. ಹಲ್ಲಿನ ಬಗ್ಗೆ ತಕರಾರಿಲ್ಲ, ಅಸಲಿನಲ್ಲೂ ಇಲ್ಲ. ಪಂಚೆ ಇದ್ದ ಜಾಗದಲ್ಲಿ ಮಾತ್ರ ಹಿತ್ತಲ ನುಗ್ಗೆಮರ ಕಾಯಿ ಬಿಟ್ಟುಕೊಂಡು ನಿಂತಿತ್ತು.

“ರೀ, ಮಗೂಗೆ ತೋರಿಸೋದಾ ಇದನ್ನ?” ಎಂದಳು ಇವಳು. ಅಷ್ಟರಲ್ಲಿ ಅಜ್ಜ ಬಟ್ಟೆ ಒಣಹಾಕುವ ತಂತಿಯ ಮುಂದೆ ಬಂದ. ಫೋಟೋ ತೆಗೆದ ದಿನ ಅಲ್ಲಿ ನನ್ನ ನಿಜವಾದ ಪಂಚೆ ಒಣಗುತ್ತಿತ್ತು. ಅರ್ಧ ಸೆಕೆಂಡು, ಲೆಕ್ಕಕ್ಕೆ ಆರು ಚಿತ್ರ, ಮಾನ ಉಳಿಯಿತು. ಮತ್ತೆ ನುಗ್ಗೆ.

ಹಸಿರು ಚಾರ್ಟು ತಂದು ಮತ್ತೆ 60 ಬರೆದೆ. ಮನುಷ್ಯರ ಮೈಬಣ್ಣದಲ್ಲಿ ಹಸಿರಿಲ್ಲ, ಕ್ಯಾಮೆರಾದ ಸೆನ್ಸರಿನಲ್ಲಿ ಹಸಿರು ಹಿಡಿಯುವ ಕಣ್ಣುಗಳು ಕೆಂಪಿನವಕ್ಕಿಂತ, ನೀಲಿಯವಕ್ಕಿಂತ ಎರಡರಷ್ಟು ಎಂದು ಬರೆಯುತ್ತಲೇ ಇವಳಿಗೆ ಪಾಠ ಮಾಡಿದೆ. ಕಿಟಕಿ ಬೆಳಕಿಗೆ ಚಾರ್ಟಿನ ಒಂದು ಮೂಲೆ ಗಿಳಿಹಸಿರು, ನನ್ನ ತಲೆಯ ನೆರಳು ಬಿದ್ದ ಮೂಲೆ ಪಾಚಿಹಸಿರು. ಎರಡನ್ನೂ ಅಳಿಸಲು ಆ್ಯಪಿನ ಸ್ಲೈಡರನ್ನು ಎಳೆದೆ, ಇನ್ನೂ ಎಳೆದೆ. ಪಂಚೆ ಉಳಿಯಿತು, ಅಂಚು ಹೋಯಿತು. ಹಸಿರಂಚಿನ ಪಂಚೆ ಬರೆದ ಪುಣ್ಯಾತ್ಮ ನಾನೇ.

“ನಂಗೆ ಆಗ್ಲೇ ಕಂಡಿತ್ತು. ನೀವು ಪಾಠ ಮಾಡ್ತಿದ್ರಲ್ಲ, ಸುಮ್ನಿದ್ದೆ.”

ಗಡಿಬಿಡಿಯಲ್ಲಿ ಎರಡೂ ವಿಡಿಯೋ ಮೊಮ್ಮಗಳಿಗೆ ಹೋಗಿಬಿಟ್ಟವು. ರಾತ್ರಿ ಅವಳ ಫೋನು: “ಅಜ್ಜಾ, ನುಗ್ಗೇಕಾಯಿದೇ ಸೂಪರ್! ಆದ್ರೆ ತಂತಿ ಹತ್ರ ಬಂದಾಗ ಯಾಕೆ ಕೆಟ್ಟೋಗತ್ತೆ?”