ಸೈಕಲ್ಲಿಗೆ ಹಸುಬೆ ಹೊಲಿಯುವಾತ

ಸೈಕಲ್ಲಿನ ಕ್ಯಾರಿಯರ್‌ನ ಎರಡೂ ಬದಿಗೆ ಇಳಿಬೀಳುವ ಜೋಡಿಚೀಲವನ್ನು ಅಂಗಡಿಯಲ್ಲಿ ಕೊಳ್ಳದೆ ಮನೆಯಲ್ಲೇ ಹೊಲಿದು, ಅದನ್ನು ಏರಿಸಿಕೊಂಡು ದಿನಾ ಕೆಲಸಕ್ಕೆ ಹೋಗಿಬರುವ ಗೃಹಸ್ಥನಿಗೆ ಹಸುಬೆ ಹೊಲಿಯುವಾತ ಎನ್ನಬಹುದು. ಹಿಂದೆ ಹೇರೆತ್ತಿನ ಬೆನ್ನ ಮೇಲೆ ದವಸ ಸಾಗಿಸುತ್ತಿದ್ದ ಹಸುಬೆಗೂ ಈತನ ಚೀಲಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವೆಲ್ಲ ಹೊರೆಯಲ್ಲಿ. ಎತ್ತು ರಾಗಿ ಹೊರುತ್ತಿತ್ತು. ಈತನ ಚೀಲದ ಒಂದು ಬದಿಯಲ್ಲಿ ಊಟದ ಡಬ್ಬಿ ಇರುತ್ತದೆ, ಅದರ ಸಮತೂಕಕ್ಕೆಂದು ಇನ್ನೊಂದು ಬದಿಯಲ್ಲಿ ಅರ್ಧ ಇಟ್ಟಿಗೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳಲ್ಲಿ ಈತ ಕಾಣಸಿಗುತ್ತಾನೆ. 2007ರಲ್ಲಿ ಇವೆಲ್ಲ ರಾಮನಗರ ಜಿಲ್ಲೆಗೆ ಸೇರಿದಾಗಲೂ, 2025ರಲ್ಲಿ ಅದೇ ಜಿಲ್ಲೆ ಬೆಂಗಳೂರು ದಕ್ಷಿಣವಾದಾಗಲೂ ಈತನ ಚೀಲದ ಅಳತೆ ಬದಲಾಗಲಿಲ್ಲ. ವೃತ್ತಿಯಲ್ಲಿ ಮೇಷ್ಟ್ರು, ಗುಮಾಸ್ತ ಅಥವಾ ಪಾಸು ಇಟ್ಟುಕೊಂಡು ಬೆಂಗಳೂರಿಗೆ ಓಡಾಡುವ ನೌಕರ. ರಾಮನಗರ, ಚನ್ನಪಟ್ಟಣದವನು ರೈಲು ನಿಲ್ದಾಣದವರೆಗೆ ತುಳಿದರೆ, ರೈಲಿಲ್ಲದ ಕನಕಪುರ, ಮಾಗಡಿಯವನು ಬಸ್ ಸ್ಟ್ಯಾಂಡಿನವರೆಗೆ ತುಳಿಯುತ್ತಾನೆ. ಸೈಕಲ್ಲು ಹಳೆಯ ಅಟ್ಲಾಸ್ ಇರಬಹುದು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅಟ್ಲಾಸ್ ಉಳ್ಳವರ ಗತ್ತು ಹೆಚ್ಚಿದೆ. ಇಲ್ಲವಾದರೆ ಅದು ಎಂಟನೇ ತರಗತಿಯಲ್ಲಿ ಸರ್ಕಾರ ಮಗಳಿಗೆ ಕೊಟ್ಟ ಸೈಕಲ್ಲು. ಮಗಳು ಸ್ಕೂಟರಿಗೆ ಬಡ್ತಿ ಪಡೆದ ಮೇಲೆ ಅಪ್ಪನ ಪಾಲಿಗೆ ಬಂದಿರುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಈತ ಮೂರು ಘಟ್ಟಗಳನ್ನು ದಾಟುತ್ತಾನೆ. ಮೊದಲನೆಯದು ಪ್ಲಾಸ್ಟಿಕ್ ಎಳೆಯ ಅಕ್ಕಿಚೀಲ. ಅದು ಭಾರ ತಡೆಯುತ್ತದೆ, ಬಿಸಿಲು ತಡೆಯುವುದಿಲ್ಲ. ಕೆಲವು ತಿಂಗಳಲ್ಲೇ ಎಳೆ ಎಳೆಯಾಗಿ ಉದುರತೊಡಗುತ್ತದೆ. ಎರಡನೆಯದು ಹಳೆಯ ಜೀನ್ಸ್ ಪ್ಯಾಂಟು. ಬಟ್ಟೆ ಗಟ್ಟಿ, ಜೇಬುಗಳೂ ಸಿದ್ಧವಾಗಿಯೇ ಸಿಗುತ್ತವೆ; ಆದರೆ ಒಂದು ಮಳೆಗೆ ಸಿಕ್ಕಿದರೆ ಡಬ್ಬಿಗಿಂತ ಚೀಲವೇ ಭಾರ. ಮೂರನೆಯದು ಫ್ಲೆಕ್ಸ್. 2016ರಲ್ಲಿ ರಾಜ್ಯ ಸರ್ಕಾರ ಇದನ್ನು ನಿಷೇಧಿಸಿದರೂ ಹುಟ್ಟುಹಬ್ಬಗಳನ್ನು ನಿಷೇಧಿಸದ ಕಾರಣ ಕಚ್ಚಾಮಾಲಿಗೆ ಕೊರತೆಯಿಲ್ಲ. ನೀರು ಇಳಿಯದ ಈ ಬಟ್ಟೆಗಿರುವ ತೊಡಕೆಂದರೆ ಅದರ ಮೇಲಿನ ನಾಯಕರ ಮುಖ. ಅನುಭವಿಗಳು ಎಡಬದಿಗೆ ಒಂದು ಪಕ್ಷ, ಬಲಬದಿಗೆ ಇನ್ನೊಂದು ಪಕ್ಷ ಹೊಲಿದು, ಮುಖಗಳನ್ನು ಒಳಮಗ್ಗುಲಿಗೆ ತಿರುಗಿಸುತ್ತಾರೆ. ಹೀಗಾಗಿ ವಿಧಾನಸಭೆಯಲ್ಲಿ ಮುಖಾಮುಖಿಯಾದವರು ಇಲ್ಲೂ ಚಕ್ರದ ಆಚೆ ಈಚೆ ಮುಖಾಮುಖಿಯಾಗಿಯೇ ಇರುತ್ತಾರೆ.

ಹೊಲಿಗೆ ಯಂತ್ರ ಮನೆಯಾಕೆಯದು. ರವಿಕೆಗೆಂದು ಹಾಕಿದ್ದ 14ನೇ ನಂಬರಿನ ಸೂಜಿ ಮೊದಲ ಮಡಿಕೆಯಲ್ಲೇ ಮುರಿಯುತ್ತದೆ. ಆಮೇಲೆ 18ನೇ ನಂಬರಿನ ಸೂಜಿ ಬರುತ್ತದೆ. ನಾಲ್ಕು ಪದರ ಕೂಡುವ ಮೂಲೆಯಲ್ಲಿ ಕಾಲಿಗೆ ಬಿಡುವು ಕೊಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದು ಹೊಲಿಗೆ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ದಬ್ಬಣ. ರೇಷ್ಮೆ ಊರಲ್ಲಿದ್ದರೂ ದಾರ ಮಾತ್ರ ನೈಲಾನಿನದು, ಏಕೆಂದರೆ ನೂಲಿನ ದಾರ ನೆನೆದು ನೆನೆದು ಕೊಳೆಯುತ್ತದೆ. ಈ ಹಂತದಲ್ಲಿ ಮನೆಯಾಕೆ, "ಏನ್ರೀ, ಇದನ್ನ ಸೈಕಲ್ಲಿಗೆ ಹೊಲ್ದಿದ್ದೋ ಕತ್ತೆಗೋ?" ಎಂದು ಕೇಳುವುದು ವಾಡಿಕೆ. ಎರಡಕ್ಕೂ ಆಗುತ್ತದೆ ಎಂಬುದು ನಿಜವಾದ್ದರಿಂದ ಈತ ಉತ್ತರಿಸುವುದಿಲ್ಲ.

ಚೀಲ ಕಟ್ಟುವುದು ಹೊಲಿಯುವುದಕ್ಕಿಂತ ಕಷ್ಟ. ಮೊದಲ ಚೀಲ ತಪ್ಪದೆ ಹಿಮ್ಮಡಿಗೆ ಬಡಿಯುತ್ತದೆ; ಅರ್ಧ ಗೇಣು ಹಿಂದಕ್ಕೆ ಸರಿಸಿದರೆ ಪರಿಹಾರ. ಬಟ್ಟೆ ಚಕ್ರದ ಕಡ್ಡಿಗೆ ಸಿಕ್ಕದಂತೆ ಒಳಬದಿಗೆ ಗಟ್ಟಿ ಹಲಗೆ ಬೇಕು. ಅದಕ್ಕೆ ಮಕ್ಕಳ ಪರೀಕ್ಷೆಯ ಪ್ಯಾಡೇ ಸರಿಯಾದ ಅಳತೆ. ಪ್ಯಾಡು ಎಲ್ಲಿ ಹೋಯಿತೆಂಬುದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಗೊತ್ತಾಗುತ್ತದೆ. ಬಿಗಿಯಲು ಹಳೆಯ ಟ್ಯೂಬಿನ ಪಟ್ಟಿ ಸಾಕು.

ಊರಿಗೊಂದು ಪ್ರಭೇದವುಂಟು. ರಾಮನಗರದವನು ಚೀಲಕ್ಕೆ ತೂತುಗಳನ್ನಿಡುತ್ತಾನೆ. ರೇಷ್ಮೆಗೂಡಿಗೆ ಗಾಳಿಯಾಡದಿದ್ದರೆ ಕೆಡುತ್ತದೆಂಬ ವಿವೇಕ ಆ ಊರಿನದು. ಈತ ಒಯ್ಯುವುದು ಚಿತ್ರಾನ್ನವಾದರೂ ನಿಯಮ ಸಡಿಲಿಸುವುದಿಲ್ಲ. ಚನ್ನಪಟ್ಟಣದವನು ಜಿಪ್ಪಿನ ಬದಲು ಅರಗು ಬಳಿದ ಆಲೆಮರದ ಗುಂಡಿ ಹಾಕುತ್ತಾನೆ. ಬೀದಿಯ ಮಕ್ಕಳು ಅದನ್ನು ಬೊಂಬೆಯೆಂದೇ ತಿಳಿದು ಎಳೆಯುವುದರಿಂದ ಗುಂಡಿ ಪದೇ ಪದೇ ಹೋಗುತ್ತದೆ. ಮಾಗಡಿಯವನು ಅವರೆಕಾಯಿ ಕಾಲಕ್ಕೆ ಹಿಗ್ಗಲೆಂದು ನೆರಿಗೆ ಬಿಟ್ಟು ಹೊಲಿಯುತ್ತಾನೆ. ನಾಲ್ವರಲ್ಲಿ ಚೀಲ ತುಂಬುವವನು ಇವನೊಬ್ಬನೇ, ಅದೂ ಡಿಸೆಂಬರ್, ಜನವರಿಯಲ್ಲಿ. ಕನಕಪುರದವನು ಮೂವರ ಚೀಲವನ್ನೂ ನೋಡಿ ಬಂದು ಇನ್ನೂ ಅಳತೆ ತೆಗೆಯುತ್ತಿರುತ್ತಾನೆ.

ಈತನ ಉಳಿತಾಯದ ಲೆಕ್ಕದಲ್ಲಿ ಬಟ್ಟೆ ಬಿಟ್ಟಿ, ಕೂಲಿ ಬಿಟ್ಟಿ. ಮುರಿದ ಸೂಜಿಗಳೂ ಯಂತ್ರದ ರಿಪೇರಿಯೂ ಮನೆಖರ್ಚಿಗೆ ಸೇರುತ್ತವೆ. ಪಟ್ಟಿ ಕಿತ್ತುಬಂದಾಗ ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರು ಹತ್ತು ನಿಮಿಷದಲ್ಲಿ ಭದ್ರ ಮಾಡಿಕೊಡುತ್ತಾರೆ. ಇಡೀ ಚೀಲದಲ್ಲಿ ಬಾಳಿಕೆ ಬರುವ ಹೊಲಿಗೆ ಅದೊಂದೇ ಎಂಬುದನ್ನು ಮನೆಯಲ್ಲಿ ಹೇಳುವ ಪದ್ಧತಿಯಿಲ್ಲ. ಇಂಥ ಚೀಲ ಕಳುವಾಗುವುದು ಅಪರೂಪ. ಅದಕ್ಕೆ ಕಟ್ಟಿನ ಬಿಗಿ ಕಾರಣವೆಂದು ಈತ, ನೋಟ ಕಾರಣವೆಂದು ಸೈಕಲ್ ಸ್ಟ್ಯಾಂಡಿನವನು ಹೇಳುತ್ತಾರೆ.

ಒಟ್ಟಿನಲ್ಲಿ ನಿರುಪದ್ರವಿ, ಉಪಕಾರಿ. ಕೇಳದಿದ್ದರೂ ನಿಮಗೊಂದು ಹೊಲಿದುಕೊಡುವಾತ. ನೆರೆಮನೆಯಲ್ಲಿ ಇಂಥವರಿದ್ದರೆ, ಒಗೆದ ಜೀನ್ಸ್ ಪ್ಯಾಂಟನ್ನು ರಾತ್ರಿಯೆಲ್ಲ ಹೊರಗೆ ಒಣಗಲು ಬಿಡದಿರುವುದು ಕ್ಷೇಮ.