ಕಾರು ಸರ್ವೀಸಿನಲ್ಲಿದೆ

ಹೊಸಕೋಟೆ, ಮಾಲೂರು, ಬಂಗಾರಪೇಟೆ ಕಡೆ ಯಾವ ಹೋಟೆಲಿಗೆ ಹೋಗಿ ಕೂತರೂ ಗೌಡರು ಸಿಗುತ್ತಾರೆ. ಮೊದಲು ಟೇಬಲ್ ಮೇಲೆ ಕೀ ಬರುತ್ತದೆ, ಆಮೇಲೆ ಫೋನು, ಆಮೇಲೆ ಗೌಡರು. ಕೀ ಮೇಲಿನ ಗುರುತು ಪಕ್ಕದ ಟೇಬಲಿನವರಿಗೆ ಕಾಣುವ ಹಾಗೆ ತಿರುಗಿಸಿಟ್ಟ ಮೇಲೆಯೇ ಇಡ್ಲಿ ವಡೆಯ ಮಾತು. ಆ ಗುರುತು ಯಾವುದೆಂದು ನಾನು ಬರೆಯುವುದಿಲ್ಲ, ಜರ್ಮನಿಯದು ಎಂದರೆ ಸಾಕು. "ಕಾರೆಲ್ಲಿ ಗೌಡ್ರೇ?" ಎಂದು ಮಾತ್ರ ಕೇಳಬಾರದು. ಕೇಳಿದರೆ "ಸರ್ವೀಸಿಗೆ ಬಿಟ್ಟಿದ್ದೀನಿ" ಅನ್ನುತ್ತಾರೆ. ಯುಗಾದಿಯಲ್ಲಿ ಕೇಳಿದಾಗಲೂ ಸರ್ವೀಸಿನಲ್ಲಿತ್ತು, ಗಣೇಶನ ಹಬ್ಬಕ್ಕೂ ಅಲ್ಲೇ ಇತ್ತು. ತಿಂಡಿ ಮುಗಿಸಿ, ಕೀ ಜೇಬಿಗಿಳಿಸಿ, ಹೊರಗೆ ನಿಂತಿರುವ ಬಾಮೈದನ ಬೊಲೆರೊ ಪಿಕಪ್ ಹತ್ತಿ ಗೌಡರು ಊರಿಗೆ ಹೊರಡುತ್ತಾರೆ. ಬೆನ್ನ ಹಿಂದೆ ಟೊಮ್ಯಾಟೊದ ಖಾಲಿ ಕ್ರೇಟುಗಳು ಗಡಗಡ ಅನ್ನುತ್ತಿರುತ್ತವೆ.

ಗೌಡರು ಹುಟ್ಟಾ ಕಾರಿನವರಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ಜಮೀನು ಹೋಗಿ, ಪರಿಹಾರದ ದುಡ್ಡು ಬಂದ ಮೇಲೆ ಕಾರಿನವರಾದರು. ಆ ದುಡ್ಡಿನಲ್ಲಿ ಕೆಲವರು ಮನೆ ಕಟ್ಟಿದರು, ಕೆಲವರು ಇನ್ನೂ ಒಳಗಿನ ಹಳ್ಳಿಯಲ್ಲಿ ಹೊಲ ಹಿಡಿದರು, ಕೆಲವರು ಬಡ್ಡಿಗೆ ಬಿಟ್ಟು ಬಡ್ಡಿಯನ್ನೂ ಅಸಲನ್ನೂ ಹುಡುಕುತ್ತಿದ್ದಾರೆ. ಗೌಡರು ಬೆಂಗಳೂರಿನ ಹಳೇ ಕಾರು ದಲ್ಲಾಳಿಯ ಅಂಗಳಕ್ಕೆ ಹೋದರು. "ಹೊಸದು ತಗೊಂಡಾಗ ಅರವತ್ತು ಲಕ್ಷ ಸಾರ್. ಒಬ್ಬರೇ ಓನರ್, ಡಾಕ್ಟರು. ನಿಮಗೆ ಹನ್ನೊಂದಕ್ಕೆ ಮಾಡಿಕೊಡ್ತೀನಿ" ಅಂದ ಅವನು. ಹಳೇ ಕಾರಿನ ಅಂಗಳದಲ್ಲಿ ಎಲ್ಲ ಕಾರುಗಳೂ ಡಾಕ್ಟರದ್ದೇ. ಊರಿಗೆ ಬಂದು ಗೌಡರು "ನಲವತ್ತೊಂಬತ್ತು ಲಕ್ಷ ಉಳಿಸಿದೆ" ಎಂದು ಸಾರಿದರು. ಆ ನಲವತ್ತೊಂಬತ್ತು ಲಕ್ಷ ಎಲ್ಲಿಟ್ಟಿದ್ದೀರಿ ಎಂದು ಗೌಡತಿ ಇವತ್ತಿಗೂ ಕೇಳುತ್ತಿದ್ದಾರೆ.

ದಲ್ಲಾಳಿ ಹೇಳದೇ ಬಿಟ್ಟದ್ದು ಒಂದೇ ಮಾತು. ಹನ್ನೊಂದು ಲಕ್ಷಕ್ಕೆ ಇಳಿದಿದ್ದು ಕಾರಿನ ಬೆಲೆ ಮಾತ್ರ. ಅದರ ಹೆಡ್‌ಲೈಟು, ಕಂಪ್ರೆಸರು, ಗೇರ್‌ಬಾಕ್ಸು ಇವೆಲ್ಲ ಇನ್ನೂ ಅರವತ್ತು ಲಕ್ಷದ ಕಾರಿನವೇ. ಹತ್ತು ವರ್ಷವಾಯಿತೆಂದು ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಇನ್ನೊಂದು ಸಂಗತಿ: ಇಂಥ ಕಾರಿನ ಮೊದಲ ಒಡೆಯ ದಡ್ಡನಲ್ಲ. ವಾರಂಟಿ ಇರುವಷ್ಟು ದಿನ ಓಡಿಸಿರುತ್ತಾನೆ. ಅದು ಮುಗಿದು, ದೊಡ್ಡ ರಿಪೇರಿಗೆ ಸರ್ವೀಸ್ ಸೆಂಟರಿನವರು ಎಸ್ಟಿಮೇಟ್ ಕೈಗಿಟ್ಟ ದಿನ ಮಾರಲು ಮನಸ್ಸು ಮಾಡಿರುತ್ತಾನೆ. ಕಾರು ಗೌಡರ ಮನೆಗೆ ಬರುವಾಗ ಆ ಎಸ್ಟಿಮೇಟೂ ಹಿಂದೆಯೇ ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ನಂಬರ್ ಪ್ಲೇಟ್ ಪುದುಚೇರಿಯದು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಅದರ ಮೇಲೆ ಸೆಸ್ಸು ಬೇರೆ. ಹಾಗಾಗಿ ಬೆಂಗಳೂರಿನ ಎಷ್ಟೋ ದೊಡ್ಡ ಕಾರುಗಳು ಸಮುದ್ರ ನೋಡದೆಯೇ ಪುದುಚೇರಿಯ ನಿವಾಸಿಗಳಾಗಿವೆ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಇಲ್ಲಿಯ ನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಅಂಥ 30 ಕಾರುಗಳನ್ನು ಹಿಡಿದು ಹಾಕಿದರು. ಫೆರಾರಿ, ಪೋರ್ಶೆಗಳ ಮಟ್ಟದ ಬೇಟೆ ಅದು. ಆದರೂ ಆ ವಾರ ಗೌಡರ ಕಾರು ಟಾರ್ಪಾಲ್ ಹೊದ್ದು ಹುಲ್ಲಿನ ಬಣವೆಯ ಹಿಂದೆ ಸರ್ವೀಸಿಗೆ ನಿಂತಿತ್ತು.

ಬಣವೆಯ ಹಿಂದೆ ಇಲಿಗಳಿದ್ದವು. ಗೌಡರು ಟಾರ್ಪಾಲ್ ತೆಗೆದು ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಒಳಗಿನ ಪರದೆಯಲ್ಲಿ ಒಂದಾದ ಮೇಲೊಂದು ಎಚ್ಚರಿಕೆ, ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಕೆಂಪಕ್ಷರದಲ್ಲಿ. ಇಲಿ ತಿಂದದ್ದು ಗೇಣುದ್ದ ವೈರು. ಬದಲಿಸಬೇಕಾದದ್ದು ಮಾತ್ರ ಪೂರ್ತಿ ಹಾರ್ನೆಸ್ಸು, ಕತ್ತರಿಸಿ ಗಂಟು ಹಾಕಿದರೆ ಜವಾಬ್ದಾರಿ ನಮ್ಮದಲ್ಲ ಅಂದರಂತೆ ಸರ್ವೀಸ್ ಸೆಂಟರಿನವರು. ಈಗ ಗೌಡರ ಬಾನೆಟ್ ಎತ್ತಿದರೆ, ಇಲಿ ಬರದಿರಲೆಂದು ಇಟ್ಟ ಹೊಗೆಸೊಪ್ಪಿನ ವಾಸನೆ ಘಮ್ಮನೆ ಬರುತ್ತದೆ. ಅದೊಂದೇ ಆ ಕಾರಿಗೆ ನಮ್ಮೂರ ಅಂಗಡಿಯಲ್ಲಿ ಸಿಗುವ ಬಿಡಿಭಾಗ.

ಕಾರಿಗೆ ಕಮಾನ್ ಪಟ್ಟಿಯಿಲ್ಲ, ಗಾಳಿಯ ಸಸ್ಪೆನ್ಷನ್ ಇದೆ. ಚಕ್ರಕ್ಕೊಂದು ರಬ್ಬರಿನ ಚೀಲ, ಗಾಳಿ ತುಂಬಲು ಕಂಪ್ರೆಸರು. ಹೊಸದರಲ್ಲಿ ಸ್ವರ್ಗ, ಹಳ್ಳ ದಿಣ್ಣೆ ಗೊತ್ತೇ ಆಗುವುದಿಲ್ಲ. ಹತ್ತು ವರ್ಷದಲ್ಲಿ ರಬ್ಬರು ಬಿರಿಯುತ್ತದೆ. ಬಿರಿದ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರೂ ಸುಟ್ಟುಹೋಗುತ್ತದೆ. ಸಂಜೆ ಅಂಗಳದಲ್ಲಿ ನಿಂತ ಕಾರು ಬೆಳಗ್ಗೆ ಕರು ಹಾಕುವ ಎಮ್ಮೆಯ ಹಾಗೆ ಕೂತಿರುತ್ತದೆ. ಸ್ಕೂಲಿಗೆ ಹೋಗುವ ಹುಡುಗರು ಕಾಂಪೌಂಡಿನ ಮೇಲಿಂದ ಇಣುಕಿ, "ಗೌಡ್ರೇ, ಇವತ್ತೂ ಕಾರು ಎದ್ದಿಲ್ಲ" ಎಂದು ವರದಿ ಒಪ್ಪಿಸಿ ಹೋಗುತ್ತಾರೆ.

ಒಂದು ದಿನ ಬ್ಯಾಟರಿ ಸತ್ತಿತು. ನಿಂತೇ ಇರುವ ಕಾರಿನ ಬ್ಯಾಟರಿ ಸಾಯುವುದು ಹೊಸದೇನಲ್ಲ. ಮಾಲೂರಿನ ಎಲೆಕ್ಟ್ರಿಷಿಯನ್ ಬಂದು ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ. ಕೇಳಿ ನೋಡಿದರೆ ಅದು ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆಗೆಯುವುದು ಕರೆಂಟಿನಿಂದ, ಕರೆಂಟು ಇರಬೇಕಾದದ್ದು ಬ್ಯಾಟರಿಯಲ್ಲಿ. ಇಂಥ ಹೊತ್ತಿಗೆಂದೇ ಬಾನೆಟ್ಟಿನೊಳಗೆ ವೈರು ಕೊಟ್ಟು ಕರೆಂಟು ಹಾಯಿಸುವ ಜಾಗವೊಂದನ್ನು ಜರ್ಮನಿಯವರು ಇಟ್ಟಿದ್ದಾರೆ. ಅದು ಎಲ್ಲಿದೆ ಎಂಬುದನ್ನು ಕಾರಿನ ಪುಸ್ತಕದಲ್ಲಿ ಬರೆದೂ ಇದ್ದಾರೆ. ಪುಸ್ತಕವನ್ನು ಗೌಡರು ಜೋಪಾನವಾಗಿ ಡಿಕ್ಕಿಯಲ್ಲಿಟ್ಟಿದ್ದರು. ಕೊನೆಗೆ ಹೇಗೋ ಬಾಗಿಲು ತೆಗೆದು ಹೊಸ ಬ್ಯಾಟರಿ ಕೂರಿಸಿದರೆ ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಬ್ಯಾಟರಿ ಬಂದಿದೆ ಎಂದು ಸ್ಕ್ಯಾನರ್ ಹಾಕಿ ಕಾರಿಗೆ ತಿಳಿಸಬೇಕು. ಎಲೆಕ್ಟ್ರಿಷಿಯನ್ ಕೈ ಒರೆಸಿಕೊಂಡು, "ಮನೇಗೆ ಸೊಸೆ ಬಂದಾಗಲೂ ನಾವು ಇಷ್ಟು ಸುತ್ತು ಹೇಳ್ಕಳ್ಳಲ್ಲ ಸಾಮಿ" ಅಂದ.

ಟೇಕಲ್ ರಸ್ತೆಯಲ್ಲಿ ಪಂಕ್ಚರ್ ಆದಾಗಲೂ ಹೀಗೇ. ಅಂಗಡಿಯವನು ಸ್ಟೆಪ್ನಿ ಹುಡುಕಿ ಸುಸ್ತಾದ. ಸ್ಟೆಪ್ನಿ ಇಲ್ಲ, ಇದು ಗಾಳಿ ಹೋದರೂ ಓಡುವ ಟೈರು. ಗಂಟೆಗೆ 80 ಕಿಲೋಮೀಟರ್ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು. ಜರ್ಮನಿಯಲ್ಲಿ ಅಷ್ಟರೊಳಗೆ ಆ ಟೈರು ಸಿಗುವ ಊರು ಬರುತ್ತದೆ. ಇಲ್ಲಿ ಆ ವೇಗ ಮೀರುವ ಪ್ರಶ್ನೆಯೇ ಬರಲಿಲ್ಲ, ನಡುವೆ ಹಂಪ್‌ಗಳಿದ್ದವು. ಹಂಪ್ ಕಂಡರೆ ಗೌಡರು ಎಲ್ಲರನ್ನೂ ಇಳಿಸಿ, ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರವನ್ನು ದಾಟಿಸುತ್ತಾರೆ. ಹಿಂದಿನ ಬಸ್ಸಿನವನ ಹಾರನ್ನಿಗೆ ಅವರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ.

ಆಯುಧಪೂಜೆಯ ದಿನ ಮಾತ್ರ ಕಾರು ಮನೆಯಲ್ಲಿರಲೇಬೇಕು. ಒಂದು ವರ್ಷ ಇತ್ತು. ಗೌಡತಿ ಸಂಭ್ರಮದಿಂದ ಮೈತುಂಬ ಅರಿಶಿನ ಕುಂಕುಮ ಬಳಿದರು, ಹಿಂದಿನ ಕ್ಯಾಮೆರಾದ ಕಣ್ಣಿಗೂ ಒಂದು ಬೊಟ್ಟು. ಮುಂದಿನ ಬಂಪರಿಗೆ ಎರಡು ಬಾಳೆಕಂದು ಕಟ್ಟಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಗೌಡರು ಗೇರ್ ಹಾಕಿದ್ದೇ ತಡ, ಬಂಪರಿನ ಸೆನ್ಸರು ಬಾಳೆಕಂದನ್ನು ಗೋಡೆ ಎಂದು ತಿಳಿದು ಬಡಿದುಕೊಳ್ಳತೊಡಗಿತು. ದೇವಸ್ಥಾನದವರೆಗೂ ಅದೇ ಕೂಗು. ಪೂಜಾರಿ ಮಂಗಳಾರತಿ ಎತ್ತಿದಾಗ ಗಂಟೆ ಯಾವುದು, ಕಾರು ಯಾವುದು ತಿಳಿಯಲಿಲ್ಲ. ಪಕ್ಕದಲ್ಲಿ ಬಾಮೈದನ ಪಿಕಪ್ಪು ಸೆನ್ಸರಿನ ಗೊಡವೆಯಿಲ್ಲದೆ ಬೂದುಗುಂಬಳ ಒಡೆಸಿಕೊಂಡು, ಮಾರನೇ ಬೆಳಗಿನ ಜಾವ ಕೋಲಾರದ ಮಂಡಿಗೆ ಹೋಯಿತು.

ಬಾಮೈದನ ಪಿಕಪ್ಪು ಕೆಡುವುದಿಲ್ಲ ಎಂದಲ್ಲ. ಬೇಕಾದಷ್ಟು ಕೆಡುತ್ತದೆ. ಹೊರಬೇಕಾದ್ದಕ್ಕಿಂತ ಹೆಚ್ಚು ಹೊರಿಸುತ್ತಾನೆ, ಹಿಂದಿನ ಕಮಾನ್ ಪಟ್ಟಿ ಮುರಿಯುತ್ತದೆ, ಟೈರು ಸವೆಯುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ಆದರೆ ಕೆಟ್ಟ ಜಾಗದಿಂದ ಕೂಗಳತೆಯಲ್ಲಿ ಅದನ್ನು ರಿಪೇರಿ ಮಾಡುವವನು ಇರುತ್ತಾನೆ. ಬೆಳಗ್ಗೆ ಮುರಿದ ಪಟ್ಟಿ ಮಧ್ಯಾಹ್ನದೊಳಗೆ ಬದಲಾಗುತ್ತದೆ. ಗಾಡಿ ಗಟ್ಟಿ ಎನ್ನುವುದರಲ್ಲಿ ಅರ್ಧ ಪಾಲು ಇದೇ ಎಂದು ನನ್ನ ಲೆಕ್ಕ. ಇನ್ನರ್ಧ ಬಾಮೈದನದು. ಅವನ ಕ್ಯಾಬಿನ್ನಿನಲ್ಲಿ ವೆಂಕಟೇಶ್ವರನ ಪಟದ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಎಡಗಡೆ ಬಾಡಿಗೆ, ಬಲಗಡೆ ಖರ್ಚು: ಡೀಸೆಲ್ಲು, ಗ್ರೀಸು, ಆಯಿಲ್ಲು, ಟೈರು, ಕಂತು, ಇನ್ಷೂರೆನ್ಸು, ಮತ್ತೆ 'ಇತರೆ'. ಇತರೆ ಎಂದರೆ ಏನೆಂದು ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಹೇಳಬೇಕಿಲ್ಲ. ಗಾಡಿ ಒಂದು ದಿನ ನಿಂತರೆ ಎಡಗಡೆ ಪುಟ ಖಾಲಿ ಬೀಳುತ್ತದೆ. ಹಾಗಾಗಿ ಆಯಿಲ್ ಬದಲಿಸುವ ದಿನ ಅವನು ತಪ್ಪಿಸುವುದಿಲ್ಲ. ತಪ್ಪಿಸಿದರೂ ಸರ್ಕಾರ ಪೂರ್ತಿ ಬಿಡುವುದಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಫಿಟ್‌ನೆಸ್ ತಪಾಸಣೆ ಅಂದರೆ ಎಫ್‌ಸಿ ಆಗಬೇಕು. ಗೌಡರ ಬಿಳಿ ಬೋರ್ಡನ್ನು 15 ವರ್ಷ ತುಂಬುವವರೆಗೆ ಯಾರೂ ಬಗ್ಗಿ ನೋಡುವುದಿಲ್ಲ.

2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಬಾಮೈದ ಪಿಕಪ್ಪಿನ ಸಾಲ ತೀರಿಸಿದ. ಅದೇ ತಿಂಗಳು ಗೌಡರು ಗೇರ್‌ಬಾಕ್ಸ್ ರಿಪೇರಿಗೆ ಅವನ ಹತ್ತಿರ ಕೈಗಡ ತಗೊಂಡರು. ಗೇರ್‌ಬಾಕ್ಸಿನ ಆಯಿಲ್ ಜೀವಮಾನಕ್ಕೆ ಸಾಕು, ಬದಲಿಸುವ ಹಾಗಿಲ್ಲ ಎಂದು ದಲ್ಲಾಳಿ ಹೇಳಿದ್ದ. ಅನೇಕ ಜರ್ಮನ್ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝೆಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಅದನ್ನು ಗೌಡರಿಗೆ ಹೇಳಿದ್ದು ಮೆಕ್ಯಾನಿಕ್ಕು, ಹೇಳಿದ್ದು ಗೇರ್‌ಬಾಕ್ಸ್ ಬಿಚ್ಚಿ ಟೇಬಲ್ ಮೇಲೆ ಹರಡಿದ ಮೇಲೆ.

ಮದುವೆಯೊಂದಕ್ಕೆ ಹೆಣ್ಣು ಗಂಡಿನ ಸವಾರಿಗೆ ಕಾರು ಕೊಟ್ಟಿದ್ದರು. ಪಿಕಪ್ಪು ಹಂಡೆ ಕೊಳಗ ಹೇರಿಕೊಂಡು ಹಿಂದೆ ಬರುತ್ತಿತ್ತು. ನರಸಾಪುರದ ಹತ್ತಿರ ಕಾರು ನಿಂತಿತು. ಬಾಮೈದ ಹಗ್ಗ ತಂದ. ಗೌಡರು ಫೋನಿನಲ್ಲಿ ವಿಚಾರಿಸಿ, ಆಟೋಮ್ಯಾಟಿಕ್ ಗಾಡಿ, ಹಗ್ಗ ಹಾಕಿ ಎಳೆದರೆ ಗೇರ್‌ಬಾಕ್ಸ್ ಮತ್ತೆ ಹೋಗುತ್ತದಂತೆ, ಲಾರಿ ತಂದು ಮೇಲಕ್ಕೆ ಎತ್ತಬೇಕಂತೆ ಅಂದರು. ಬಾಮೈದ ಹಗ್ಗ ಸುತ್ತಿಕೊಂಡು, "ಏಳು ಅಂದ್ರೆ ಏಳಲ್ಲ, ಎಳೀತೀನಂದ್ರೆ ಬರಲ್ಲ, ಎತ್ಕೊಂಡೇ ಹೋಗ್ಬೇಕು. ಅತ್ತೇಗೆ ಹುಷಾರು ತಪ್ಪಿದಾಗಲೂ ಇಷ್ಟು ಮಾಡ್ಲಿಲ್ಲ ಭಾವಾ" ಅಂದ. ಹೆಣ್ಣು ಗಂಡು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಛತ್ರ ಸೇರಿದರು. ಫೋಟೋದಲ್ಲಿ ಚೆನ್ನಾಗಿಯೇ ಬಂದಿದೆ.

ಗೌಡರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಮಧ್ಯದ ದಾರಿ ಹುಡುಕಿದ: ಟೊಯೊಟಾ ಹೈಲಕ್ಸ್ ತಗೊಳ್ಳೋಣ. 2003ರಲ್ಲಿ ಬಿಬಿಸಿಯ ಟಾಪ್ ಗೇರ್‌ನವರು ಒಂದು ಹಳೇ ಹೈಲಕ್ಸನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿಯಿಟ್ಟು, ಉರುಳಿಸುವ ಕಟ್ಟಡದ ಮೇಲೆ ನಿಲ್ಲಿಸಿ ಬೀಳಿಸಿದರೂ ಅದು ಸ್ಟಾರ್ಟ್ ಆದ ವಿಡಿಯೊ ತೋರಿಸಿದ. ಗೌಡರು ಕಣ್ಣೆವೆ ಬಡಿಯದೆ ನೋಡಿದರು. ಬೆಲೆ ಕೇಳಿದರು. ಮೂವತ್ತು ಲಕ್ಷದ ಆಸುಪಾಸು. "ಮೂವತ್ತು ಲಕ್ಷ ಕೊಟ್ಟು ತರಕಾರಿ ಗಾಡಿ ತರೋಕೆ ನಂಗೇನು ಹುಚ್ಚಾ?" ಅಂದರು. ಅಮೆರಿಕದಲ್ಲಿ ಫೋರ್ಡ್‌ನ ಎಫ್ ಸರಣಿಯ ಪಿಕಪ್ಪನ್ನು ಡಾಕ್ಟರುಗಳೂ ಓಡಿಸುತ್ತಾರೆ ಎಂದ ಮಗ. "ಅಲ್ಲಿಯ ಡಾಕ್ಟರುಗಳು ಟೊಮ್ಯಾಟೊ ಹಾಕ್ತಾರೇನೋ" ಎಂದು ಮಾತು ಮುಗಿಸಿದರು.

ಕಾರಿಗೆ ಅನ್ಯಾಯ ಮಾಡಬಾರದು. ಒಂದು ರಾತ್ರಿ ಹೆದ್ದಾರಿಯಲ್ಲಿ ಲಾರಿಯೊಂದು ಸಿಗ್ನಲ್ ಕೊಡದೆ ಅಡ್ಡ ತಿರುಗಿದಾಗ ಗೌಡರ ಕಾರು ಅರ್ಧ ಮಾರಿನ ಅಂತರದಲ್ಲಿ ಅಲ್ಲಾಡದೆ ನಿಂತಿತು. ಪಕ್ಕದಲ್ಲಿದ್ದ ಬಾಮೈದ ಆ ಬ್ರೇಕನ್ನು ಇವತ್ತಿಗೂ ಹೊಗಳುತ್ತಾನೆ. ಆ ಜಾಗದಲ್ಲಿ ಲೋಡ್ ತುಂಬಿದ ಪಿಕಪ್ಪು ಇದ್ದಿದ್ದರೆ ಈ ಲೇಖನ ಹಾಸ್ಯವಾಗುತ್ತಿರಲಿಲ್ಲ. ಪಿಕಪ್ಪಿನ ಹಿಂದೆ ಮದುವೆಗೆ, ತಿಥಿಗೆ ಜನ ತುಂಬಿಕೊಂಡು ಹೋಗುವ ನಮ್ಮ ಕಡೆಯ ಅಭ್ಯಾಸವಂತೂ ಕೊಲೆಗೆ ಸಮ. ಹಳೇ ಪಿಕಪ್ಪಿನ ಸರಳತೆಗೂ ಇನ್ನು ಹೆಚ್ಚು ದಿನವಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಸರಕಿನ ಗಾಡಿಗಳಿಗೂ ಹೊಗೆ ಸೋಸುವ ಫಿಲ್ಟರು, ಸೆನ್ಸರು ಬಂದಿವೆ. ಹತ್ತಿರ ಹತ್ತಿರದ ಬಾಡಿಗೆಗೇ ಓಡಿಸಿದರೆ ಫಿಲ್ಟರು ಕಟ್ಟಿಕೊಳ್ಳುತ್ತದೆ, ದೀಪ ಉರಿಯುತ್ತದೆ, ಮಾಲೂರಿನ ಮೆಕ್ಯಾನಿಕ್ಕೂ ಸ್ಕ್ಯಾನರ್ ಕೊಂಡಿದ್ದಾನೆ. ಬಾಮೈದ ಅದಕ್ಕೇ ತನ್ನ ಬಿಎಸ್-4 ಗಾಡಿಯನ್ನು ಮಾರುವ ಮಾತೇ ಎತ್ತುವುದಿಲ್ಲ.

ಗೌಡರು ಈಗ ಮಾರಬೇಕೆಂದಿದ್ದಾರೆ. ಅದೇ ದಲ್ಲಾಳಿ ಎರಡೂವರೆ ಲಕ್ಷಕ್ಕೆ ಕೇಳಿದ್ದಾನೆ, ಮುಂದಿನ ಗಿರಾಕಿಗೆ ಗೌಡರನ್ನೂ ಡಾಕ್ಟರೆಂದೇ ಹೇಳುತ್ತಾನೆ. ಅಂಥ ಕಾರನ್ನು ನೀವೂ ನೋಡಿಟ್ಟಿದ್ದರೆ ಮುಂಗಡ ಕೊಡುವ ಮೊದಲು ಅದೇ ಮಾಡೆಲ್ಲಿನ ಹೆಡ್‌ಲೈಟು, ಸಸ್ಪೆನ್ಷನ್, ಗೇರ್‌ಬಾಕ್ಸಿನ ಬೆಲೆಯನ್ನು ಫೋನಿನಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೂಡಿದ ಮೊತ್ತ ಕಾರಿನ ಬೆಲೆಯನ್ನು ದಾಟಿದರೆ ಮುಂಗಡ ಕೊಡಬೇಡಿ, ಬಸ್ಸು ಹತ್ತಿ ವಾಪಸ್ ಬನ್ನಿ.