ಮಡಿವಂತರ ಮೆಟಲ್

ಲೆಕ್ಕಪತ್ರ ಶಾಖೆ ಅಂದಮೇಲೆ ಅಲ್ಲೊಬ್ಬರು ರಾಯರು ಇದ್ದೇ ಇರುತ್ತಾರೆ. ಇಸ್ತ್ರಿ ಮುರಿಯದ ಅರ್ಧ ತೋಳಿನ ಷರ್ಟು, ಹಣೆಯ ಮೇಲೆ ಅಂಗಾರ-ಅಕ್ಷತೆ, ಡಬ್ಬಿಯಲ್ಲಿ ಈರುಳ್ಳಿ ಸೋಕದ ಹುಳಿಯನ್ನ. ಅವರ ಬೈಗುಳದ ಪರಮಾವಧಿ 'ಅಲ್ಲ ಸ್ವಾಮೀ...'. ಊಟ ಮುಗಿಸಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರೆಂದರೆ ಅಟೆಂಡರ್ ಚಪ್ಪಲಿ ಸದ್ದಾಗದಂತೆ ದಾಟುತ್ತಾನೆ: 'ರಾಯರು ದಾಸರ ಪದದಲ್ಲಿದಾರೆ.'

ರಾಯರು ಇರುವುದು ಬ್ಲ್ಯಾಕ್ ಸ್ಯಾಬತ್‌ನಲ್ಲಿ.

1970ರಲ್ಲಿ ಬಂದ ಆ ತಂಡದ ಮೊದಲ ಆಲ್ಬಮ್ಮಿನಿಂದಲೇ ಹೆವಿ ಮೆಟಲ್ ಶುರುವಾಯಿತೆಂದು ಬಲ್ಲವರು ಹೇಳುತ್ತಾರೆ. ಅದರ ಶೀರ್ಷಿಕೆ ಗೀತೆಯನ್ನು ಕೇಳಿ ಬೆಚ್ಚುವವರನ್ನು ಕಂಡರೆ ರಾಯರಿಗೆ ಮರುಕ. 'ಯೂರೋಪಿನವರು ಇದರಲ್ಲಿರೋ ಸ್ವರಾಂತರಕ್ಕೆ ಸೈತಾನನ ಹೆಸರಿಟ್ಟು ಹೆದರಿಕೊಂಡರಂತೆ. ಷಡ್ಜದಿಂದ ಪ್ರತಿಮಧ್ಯಮ, ಅಷ್ಟೇ! ನಮ್ಮ ಕಲ್ಯಾಣಿಯಲ್ಲಿ ದಿನಾ ಬಂದುಹೋಗೋ ನೆಂಟ.' ಗಿಟಾರಿಸ್ಟ್ ಟೋನಿ ಅಯೋಮಿಯ ಕಥೆ ಅವರಿಗೆ ಪುರಾಣದಷ್ಟು ಬಾಯಿಪಾಠ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆ, ಕೆಲಸ ಬಿಡಬೇಕಿದ್ದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕ ಬಲಗೈಯ ಎರಡು ಬೆರಳ ತುದಿ. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ; ಮುಂದೆ ತಂತಿ ಸಡಿಲಿಸಿ ಶ್ರುತಿ ಇಳಿಸಿದ. ಆ ಭಾರವಾದ ನಾದ ಹುಟ್ಟಿದ್ದು ಹಾಗೆ. ಇದರಿಂದ ರಾಯರು ತೆಗೆಯುವ ನೀತಿ: 'ರಿಟೈರಾಗೋ ದಿನ ಆಫೀಸಿಗೆ ಹೋಗಲೇಬಾರದು.'

ಮೆಟಲ್ ಅವರಿಗೆ ಬರಿಯ ಶೋಕಿಯಲ್ಲ, ಔಷಧಿ. ಗುತ್ತಿಗೆದಾರ ಮೇಜು ಕುಟ್ಟುತ್ತಾನೆ, ಸಾಹೇಬರು ಫೈಲು ಎಸೆಯುತ್ತಾರೆ, ಹನ್ನೊಂದು ರೂಪಾಯಿ ವ್ಯತ್ಯಾಸಕ್ಕೆ ಆಡಿಟ್‌ನವರು ಹನ್ನೊಂದು ಪುಟ ಆಕ್ಷೇಪಣೆ ಬರೆಯುತ್ತಾರೆ. ರಾಯರು 'ಆಗಲಿ ಸಾರ್' ಎಂದು ಮೆಟ್ಟಿಲ ಬಳಿ ಹೋಗಿ ಒಂದು ಹಾಡು ಕೇಳಿ ಬರುತ್ತಾರೆ. ಬೈಯಬೇಕಾದದ್ದನ್ನೆಲ್ಲ ಅಲ್ಲಿ ಇನ್ಯಾರೋ ಅವರ ಪರವಾಗಿ, ಡ್ರಮ್ಮು ಸಮೇತ ಬೈದು ಮುಗಿಸಿರುತ್ತಾರೆ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 39 ಮಂದಿ ಮೆಟಲ್ ಪ್ರಿಯರಿಗೆ ಬೇಕೆಂದೇ ಸಿಟ್ಟು ಬರಿಸಿ, ಆಮೇಲೆ ಅವರಲ್ಲಿ ಅರ್ಧದಷ್ಟು ಮಂದಿಗೆ ಅವರವರ ಹಾಡು ಕೇಳಿಸಿ ನೋಡಿದರು. ಸಿಟ್ಟು ಏರಲಿಲ್ಲ, ಉತ್ಸಾಹ ಏರಿತು. 'ಸಿಟ್ಟು ಬರಿಸೋಕೆ ಅವರು ಅಷ್ಟು ಕಷ್ಟಪಡಬೇಕಿತ್ತಾ? ನಮ್ಮ ಶಾಖೆಗೆ ಕಳಿಸಿದ್ದರೆ ಸಾಕಿತ್ತು' ಎನ್ನುತ್ತಾರೆ ರಾಯರು.

2007ರ ಮಾರ್ಚ್ 17ರ ಶನಿವಾರ ಐರನ್ ಮೇಡನ್ ಎಂಬ ಮೆಟಲ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ರಾಯರು ಮನೆಯಲ್ಲಿ 'ಮಾರ್ಚ್ ಲೆಕ್ಕ, ತಡವಾಗತ್ತೆ' ಎಂದು ಹೇಳಿ ಹೋಗಿದ್ದರು. ಅಂಗಾರ ಅಳಿಸಿರಲಿಲ್ಲ. ಹಣೆಯ ಆ ಕಪ್ಪು ಗೆರೆಯನ್ನು ಕಂಡು ಉದ್ದ ಕೂದಲಿನ ಹುಡುಗರು, ತಮಗಿಂತ ಪಕ್ಕಾ ಮೆಟಲ್ ವೇಷ ಇವರದೇ ಎಂದು ದಾರಿ ಬಿಟ್ಟರಂತೆ.

ಹಾಗೆಂದು ರಾಯರು ಒಳಗೊಳಗೇ ಕ್ರಾಂತಿಕಾರಿ ಎಂದುಕೊಂಡರೆ ಕೆಟ್ಟಿರಿ. ಮೆಟಲ್‌ನಲ್ಲೂ ಅವರು ಮಡಿಯೇ. ಗಾಯಕ ಆಸಿ ಆಸ್ಬರ್ನ್ ಹೊರಬಿದ್ದ ಮೇಲಿನ ಬ್ಲ್ಯಾಕ್ ಸ್ಯಾಬತ್ತನ್ನು ಅವರು ಮುಟ್ಟುವುದಿಲ್ಲ. ಹೊಸ ತಂಡಗಳ ಹೆಸರೆತ್ತಿದರೆ, 'ವೇಗ ಇದೆ, ವಿಳಂಬ ಕಾಲ ತಿಳಿಯದು; ಗುರುಮುಖೇನ ಕಲಿತಿಲ್ಲ' ಎಂದು ಮೂಗು ಮುರಿಯುತ್ತಾರೆ.

ಮೊನ್ನೆ ಶಾಖೆಗೆ ಹೊಸ ಹುಡುಗ ಬಂದ. ಜುಟ್ಟು, ಎದೆಯ ಮೇಲೆ ತಲೆಬುರುಡೆಯ ಟೀಷರ್ಟು. ಕಡೆಗೂ ಒಬ್ಬ ಸಹಪಂಕ್ತಿಯವನು ಸಿಕ್ಕನೆಂದು ರಾಯರು ಆಸೆಯಿಂದ ಅವನ ಒಂದು ಇಯರ್‌ಫೋನ್ ಇಸಿದುಕೊಂಡರು. ಒಳಗೆ ಮೈಸೂರು ಅನಂತಸ್ವಾಮಿ, ಭಾವಗೀತೆ.

'ಚೆನ್ನಾಗೇ ಇದೆಯಪ್ಪಾ' ಎಂದರು, ಮುಖ ಸಣ್ಣದು ಮಾಡಿಕೊಂಡು. 'ಆದರೆ ಸಿಟ್ಟು ಬಂದಾಗ ಏನು ಮಾಡ್ತೀಯ?'

'ಕಿರುಚಾಡ್ತೀನಿ ಸಾರ್' ಎಂದ ಹುಡುಗ. 'ನೀವು?'